ಸಾಂಕ್ರಾಮಿಕದ ಅವಧಿಯಲ್ಲಿ ಶಾಲೆ ತಪ್ಪಿದ ಮಕ್ಕಳ ಮರುಪ್ರವೇಶ: ಪೋಷಕರಿಗೆ ಮಾಹಿತಿ

ಕೋವಿಡ್-19 ಸಾಂಕ್ರಾಮಿಕ ರೋಗದ ಕಾರಣ 2020ರ ಮಾರ್ಚ್ ತಿಂಗಳಲ್ಲಿ ರಾಜ್ಯದ ಶಾಲೆಗಳನ್ನು ಮುಚ್ಚಲಾಯಿತು. 1ರಿಂದ 5ನೇ ತರಗತಿಗಳು ಪುನರಾರಂಭಗೊಂಡಿದ್ದು 2021ರ ಅಕ್ಟೋಬರ್ 25ರಂದು. 2020ರಲ್ಲಿ 1ನೇ ತರಗತಿಗೆ ದಾಖಲಾದ ಮಗುವಿಗೆ ನಿಯಮಿತ ಶಾಲೆ ದೊರೆತದ್ದು 2ನೇ ತರಗತಿಯ ನಡುವಿನಲ್ಲಿ.

ಎದುರಾದ ಸಮಸ್ಯೆಗಳು

ದೂರದರ್ಶನದ ಚಂದನ ವಾಹಿನಿಯ ಮೂಲಕ ಪಾಠಗಳನ್ನು ಪ್ರಸಾರ ಮಾಡಲಾಯಿತು. ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳನ್ನು ತಲುಪಲು 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಕಾರ್ಯಕ್ರಮ ಆರಂಭವಾಯಿತು. ಶಿಕ್ಷಕರು ಗುಡಿಯ ಆವರಣ, ಮರದ ನೆರಳುಗಳಲ್ಲಿ ಚಿಕ್ಕ ಗುಂಪುಗಳಿಗೆ ಬೋಧಿಸಿದರು. ಸೋಂಕಿನ ಭೀತಿಯಿಂದ ಅದೇ ಅಕ್ಟೋಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 2021ರ ಜನವರಿಯಲ್ಲಿ ಮತ್ತೆ ಆರಂಭಿಸಲಾಯಿತು. ಕಲಿಕೆಯ ಕೊರತೆಯನ್ನು ನೀಗಿಸಲು 2022-23ನೇ ಸಾಲಿನಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮವನ್ನು ಜಾರಿಗೊಳಿಸಲಾಯಿತು.

ಈ ಎಲ್ಲ ಕ್ರಮಗಳ ಪ್ರಯೋಜನ ದೊರೆತದ್ದು ಊರಿನಲ್ಲಿದ್ದ ಮಕ್ಕಳಿಗೆ. ವಿಜಯಪುರ ಜಿಲ್ಲೆಯಿಂದ ದುಡಿಮೆಗಾಗಿ ಮಹಾರಾಷ್ಟ್ರ, ಗೋವಾ ಕಡೆಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಕಲಿಕೆಯ ಕೊಂಡಿ ಕಳಚುವ ಸಂಭವ ಹೆಚ್ಚು. ಹೀಗೆ ಶಾಲೆ ಬಿಟ್ಟ ಮಗುವಿನ ಹಕ್ಕು ಮಾತ್ರ ಕಳೆದುಹೋಗುವುದಿಲ್ಲ.

ಕಾನೂನಿನ ಅವಕಾಶಗಳು

ಶಿಕ್ಷಣ ಹಕ್ಕು ಕಾಯ್ದೆ, 2009ರ ಅನ್ವಯ 6ರಿಂದ 14 ವರ್ಷದ ಮಕ್ಕಳಿಗೆ ಈ ಕೆಳಗಿನ ಅವಕಾಶಗಳಿವೆ:

1. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳತಕ್ಕದ್ದು. ಹಿಂದುಳಿದ ಪಾಠಗಳಿಗಾಗಿ ವಿಶೇಷ ತರಬೇತಿ ಪಡೆಯುವ ಹಕ್ಕು ಮಗುವಿಗಿದೆ (ಕಲಂ 4).
2. ಹೀಗೆ ಸೇರಿದ ಮಗುವಿಗೆ 14 ವರ್ಷ ಮೀರಿದರೂ 8ನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ದೊರೆಯುತ್ತದೆ.
3. ವರ್ಗಾವಣೆ ಪ್ರಮಾಣ ಪತ್ರ ತಡವಾಯಿತೆಂದು ಪ್ರವೇಶ ತಡೆಹಿಡಿಯುವಂತಿಲ್ಲ (ಕಲಂ 5).
4. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ (ಕಲಂ 14).

2020ರಲ್ಲಿ 6 ವರ್ಷ ತುಂಬಿದ ಮಗುವಿಗೆ 14 ತುಂಬುವುದು 2028ರಲ್ಲಿ. ಆದುದರಿಂದ ವಿಳಂಬ ಸಲ್ಲದು. ವಯೋಮಿತಿ ಮೀರಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ 10ನೇ ತರಗತಿಗೆ ಸಮಾನವಾದ ಪರೀಕ್ಷೆ ಬರೆಯಬಹುದು.

ಯಾರನ್ನು ಸಂಪರ್ಕಿಸಬೇಕು?

ಮೊದಲು ಸಮೀಪದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಪ್ರವೇಶ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯತಕ್ಕದ್ದು. ಮಸೂತಿ ಸೇರಿದಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಪೋಷಕರು, ದಾಖಲೆಗಳು ಪೂರ್ಣವಾಗಿಲ್ಲವೆಂದು ಹಿಂಜರಿಯದೆ, ಮಗುವನ್ನು ಶಾಲೆಗೆ ಕರೆತರಬೇಕಾಗಿ ಕೋರಲಾಗಿದೆ.