ಕೈಯಿಂದ ಕೈಗೆ ಸಾಗಿದ ಜಾಝ್ ತಟ್ಟೆ

ಪುತ್ತೂರು, ಸುಳ್ಯ, ಕಡಬದ ಕಡೆ ಸವಣೂರು ಎಂಬ ಊರಿದೆ. ಇದು ನವಾಬರು ಆಳಿದ ಹಾವೇರಿ ಜಿಲ್ಲೆಯ ಸವಣೂರಲ್ಲ, ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವಿನ ಸವಣೂರು. ಈ ಸೀಮೆಯಲ್ಲಿ ಮದುವೆಯಿರಲಿ, ದೇವಸ್ಥಾನದ ಜಾತ್ರೆಯಿರಲಿ, ದೈವದ ನೇಮವಿರಲಿ, ಡೋಲಿನ ಜೊತೆಗೆ ಸ್ಯಾಕ್ಸೊಫೋನ್ ಕೇಳಿಬರುವುದು ಈಗ ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ತುಳುನಾಡಿನಲ್ಲಿ ಅನೇಕ ಕಡೆ ನಾಗಸ್ವರದ ಸ್ಥಾನದಲ್ಲಿ ಕುಳಿತು ಊರಿನದೇ ಆಗಿಬಿಟ್ಟಿದೆ.

ಆದರೆ ಸ್ಯಾಕ್ಸೊಫೋನ್ ಎಂದೊಡನೆ ಜಗತ್ತಿನ ಬಹುತೇಕ ಮಂದಿಗೆ ನೆನಪಾಗುವುದು ಜಾತ್ರೆಯಲ್ಲ, ಜಾಝ್. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಆ ಸಂಗೀತ ಲೋಕವನ್ನೆಲ್ಲ ಸುತ್ತಿದ್ದು ಮುಖ್ಯವಾಗಿ ಕಪ್ಪು ತಟ್ಟೆಗಳ ಮೇಲೆ. ಕಛೇರಿಗೆ ಹೋಗಲಾಗದವರು ತಟ್ಟೆ ಕೇಳಿದರು, ಕೇಳಿ ಮೆಚ್ಚಿದವರು ಗೆಳೆಯರನ್ನು ಕರೆದು ಕೇಳಿಸಿದರು. "ಈಗ ಏನು ಕೇಳುತ್ತಿದ್ದೀಯಾ?" ಎಂಬುದು ಜಾಝ್ ರಸಿಕರ ನಡುವಿನ ಕುಶಲಪ್ರಶ್ನೆ. ಈ ಹಂಚಿಕೊಳ್ಳುವ ಅಭ್ಯಾಸವನ್ನು ಹವ್ಯಾಸಿಗಳ ಮರುಳೆಂದು ತಳ್ಳಿಹಾಕುವಂತಿಲ್ಲ. ಜಾಝ್ ಬೆಳೆದ ಬಗೆಯೇ ಅದು. ಅದರ ಒಂದು ಕವಲು ನಮ್ಮ ಕರಾವಳಿಯನ್ನೂ ಬೆಂಗಳೂರನ್ನೂ ಹಾದುಹೋಗಿದೆ.

ಜಾಝ್ ಎಂದರೇನು ಎಂದು ಈ ಸೀಮೆಯವರಿಗೆ ವಿವರಿಸಲು ತಾಳಮದ್ದಳೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗ ಮೊದಲೇ ಗೊತ್ತು, ಭಾಗವತರು ಹಾಡುವ ಪದ್ಯವೂ ಗೊತ್ತು. ಅರ್ಥಧಾರಿ ಆಡುವ ಮಾತು ಮಾತ್ರ ಆ ಹೊತ್ತಿನದು, ಎದುರಾಳಿಯ ಮಾತಿನಿಂದ ಹುಟ್ಟಿದ್ದು. ನಾಳೆ ಅದೇ ಪ್ರಸಂಗ, ಅದೇ ಪದ್ಯ, ಆದರೆ ಬೇರೆ ಮಾತು. ಜಾಝ್‌ನಲ್ಲೂ ಹೀಗೆಯೇ. ಎಲ್ಲರಿಗೂ ಗೊತ್ತಿರುವ ಒಂದು ಧಾಟಿಯನ್ನು ಮೊದಲು ನುಡಿಸುತ್ತಾರೆ. ಅದರ ಚೌಕಟ್ಟನ್ನು ಬಿಡದೆ ಒಬ್ಬೊಬ್ಬ ವಾದಕನೂ ಸರದಿಯಲ್ಲಿ ತನ್ನ ಮನೋಧರ್ಮದಂತೆ ವಿಸ್ತರಿಸುತ್ತಾನೆ. ಕೊನೆಯಲ್ಲಿ ಎಲ್ಲರೂ ಧಾಟಿಗೆ ಮರಳುತ್ತಾರೆ.

ಹಾಗಾದರೆ ಹೊತ್ತಿನೊಂದಿಗೆ ಹುಟ್ಟಿ ಹೊತ್ತಿನೊಂದಿಗೆ ಸಾಯುವ ಈ ವಿಸ್ತಾರವನ್ನು ಹಿಡಿದಿಡುವುದು ಹೇಗೆ? ಸ್ವರಲಿಪಿಯಲ್ಲಿ ಧಾಟಿಯನ್ನು ಬರೆಯಬಹುದು, ವಾದಕನ ಉಸಿರನ್ನು ಬರೆಯಲಾಗದು. ಇಲ್ಲಿಯೇ ಧ್ವನಿಮುದ್ರಿಕೆಯ ಮಹತ್ವ. ಮೊದಲ ಜಾಝ್ ತಟ್ಟೆಯೆಂದು ಸಾಮಾನ್ಯವಾಗಿ ಪರಿಗಣಿಸುವ ಮುದ್ರಿಕೆ ನ್ಯೂಯಾರ್ಕಿನಲ್ಲಿ 1917ರ ಫೆಬ್ರುವರಿಯಲ್ಲಿ ತಯಾರಾಯಿತು. ನುಡಿಸಿದವರು ಬಿಳಿಯರ ಒಂದು ತಂಡದವರೆಂಬುದು ಆ ಕಾಲದ ಅಮೆರಿಕವನ್ನು ಕುರಿತು ಬಹಳಷ್ಟನ್ನು ಹೇಳುತ್ತದೆ.

ಆಗಿನ ತಟ್ಟೆ ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. ಅದರ ಒಂದು ಮುಖ್ಯ ಕಚ್ಚಾವಸ್ತು ಅರಗು, ಅಂದರೆ ಮರದ ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಅಂಟು. ಈ ಅರಗಿನ ದೊಡ್ಡ ಭಾಗ ಭಾರತದ ಕಾಡುಗಳಿಂದಲೇ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದರ ಪೂರೈಕೆಗೆ ತೊಡಕಾದಾಗ ಅಮೆರಿಕದಲ್ಲಿ ಹಳೆಯ ತಟ್ಟೆಗಳನ್ನು ಒಟ್ಟುಮಾಡಿ ಕರಗಿಸಬೇಕಾಯಿತು. ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ರಾತ್ರಿಯಿಡೀ ನುಡಿಸಬಲ್ಲವನು ತನ್ನ ಮಾತನ್ನೆಲ್ಲ ಆ ಮೂರು ನಿಮಿಷದೊಳಗೆ ಮುಗಿಸಬೇಕಿತ್ತು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ, ನಿಮಿಷಕ್ಕೆ ಮೂವತ್ತಮೂರೂ ಮುಕ್ಕಾಲು ಅಲ್ಲ, ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ಎಲ್.ಪಿ. ತಟ್ಟೆಯನ್ನು ಹೊರತಂದಿತು. ಗೀರು ಕಿರಿದಾಯಿತು, ವೇಗ ತಗ್ಗಿತು, ಒಂದೊಂದು ಬದಿಗೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಸಂಗೀತ ಹಿಡಿಸತೊಡಗಿತು. ಜಾಝ್ ವಾದಕನಿಗೆ ಮೊದಲ ಬಾರಿಗೆ ತಟ್ಟೆಯ ಮೇಲೂ ನಿಧಾನವಾಗಿ ಆಲಾಪಿಸಲು ಎಡೆ ಸಿಕ್ಕಿತು. ದೊಡ್ಡ ರಟ್ಟಿನ ಹೊದಿಕೆಯ ಹಿಂಬದಿಯಲ್ಲಿ ನುಡಿಸಿದವರ ಹೆಸರು, ವಾದ್ಯ, ದಿನಾಂಕ, ಒಂದು ಸಣ್ಣ ಲೇಖನ ಅಚ್ಚಾಗತೊಡಗಿದವು. ರಸಿಕನಿಗೆ ಅದೇ ಪಠ್ಯಪುಸ್ತಕ.

ಕಲಿಯುವವರಿಗಂತೂ ತಟ್ಟೆಯೇ ಗುರುಕುಲ. ಆಧುನಿಕ ಜಾಝ್‌ನ ದಿಕ್ಕನ್ನೇ ಬದಲಿಸಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ 1937ರ ಬೇಸಿಗೆಯಲ್ಲಿ, ಇನ್ನೂ ಹದಿನಾರರ ಹುಡುಗ, ಮಿಸೂರಿಯ ಗುಡ್ಡಗಾಡಿನ ಕಡೆ ಕೆಲಸಕ್ಕೆ ಹೋದ. ಜೊತೆಗೆ ಕೌಂಟ್ ಬೇಸಿ ತಂಡದ ತಟ್ಟೆಗಳನ್ನು ಒಯ್ದಿದ್ದ. ಅವುಗಳಲ್ಲಿ ಲೆಸ್ಟರ್ ಯಂಗ್ ನುಡಿಸಿದ ವಿಸ್ತಾರಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ. ಮರಳಿ ಬಂದಾಗ ಅವನ ವಾದನ ಬೇರೆಯೇ ಆಗಿತ್ತು.

ಮುಂದೆ ಪಾರ್ಕರನಿಗೂ ಅಂಥ ಅಭಿಮಾನಿಗಳು ಹುಟ್ಟಿಕೊಂಡರು. ಡೀನ್ ಬೆನೆಡೆಟ್ಟಿ ಎಂಬಾತ 1947–48ರಲ್ಲಿ ಧ್ವನಿಮುದ್ರಣ ಯಂತ್ರವನ್ನು ಹೊತ್ತು ಪಾರ್ಕರ್ ನುಡಿಸುವಲ್ಲಿಗೆಲ್ಲ ಹೋಗುತ್ತಿದ್ದ. ಪಾರ್ಕರನ ಸರದಿ ಬಂದಾಗ ಯಂತ್ರ ಚಾಲೂ ಮಾಡುವುದು, ಉಳಿದವರ ಸರದಿ ಬಂದರೆ ನಿಲ್ಲಿಸುವುದು ಅವನ ಪದ್ಧತಿ. ಕಳೆದುಹೋದವೆಂದೇ ಜನ ನಂಬಿದ್ದ ಆ ಮುದ್ರಣಗಳು ದಶಕಗಳ ನಂತರ ದೊರೆತು 1990ರಲ್ಲಿ ಪ್ರಕಟವಾದವು. ಒಬ್ಬ ಅಭಿಮಾನಿಯ ಹುಚ್ಚಿನಿಂದ ಹಲವು ರಾತ್ರಿಗಳು ಉಳಿದುಕೊಂಡವು.

ತಟ್ಟೆ ದುಬಾರಿಯಾದಲ್ಲಿ ಹಂಚಿಕೊಳ್ಳುವುದು ಅನಿವಾರ್ಯವೂ ಆಗಿತ್ತು. ಜಪಾನಿನಲ್ಲಿ ಹೊರದೇಶದ ತಟ್ಟೆಗಳನ್ನು ಕೊಳ್ಳಲಾಗದವರಿಗಾಗಿ ಜಾಝ್ ಕಾಫಿ ಅಂಗಡಿಗಳು ಹುಟ್ಟಿದವು. ಒಂದು ಲೋಟ ಕಾಫಿ ತರಿಸಿಕೊಂಡು, ಅಂಗಡಿಯವನ ತಟ್ಟೆಯನ್ನು ಮೌನವಾಗಿ ಕುಳಿತು ಕೇಳಬಹುದಿತ್ತು. ಯೂರೋಪಿನ ನಗರಗಳಲ್ಲಿ 1930ರ ದಶಕದಲ್ಲಿಯೇ ಒಟ್ಟಾಗಿ ತಟ್ಟೆ ಕೇಳುವ ಸಂಘಗಳಿದ್ದವು.

ನಮ್ಮಲ್ಲಿ ತಟ್ಟೆಗಳ ದೊಡ್ಡ ರಸಿಕರಲ್ಲಿ ಒಬ್ಬರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು. ಅವರ ಒಲವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಡೆ. ತಾವು ಮೆಚ್ಚಿದ್ದನ್ನು ಇತರರೂ ಕೇಳಬೇಕೆಂಬ ಹಂಬಲ ಅವರಿಗಿತ್ತು. ಲಂಡನ್ನಿನಲ್ಲಿ ಕಡೆಗಾಲ ಕಳೆಯುತ್ತಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ತಟ್ಟೆಗಳಿಗೆ ಇಳಿಸಲು 1940ರ ದಶಕದ ಕೊನೆಯಲ್ಲಿ ಅವರು ಹಣ ಒದಗಿಸಿದರು. ಅದಕ್ಕೆಂದೇ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಸಂಗೀತಗಾರ ತನ್ನ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ಮೆಟ್ನರ್ 1951ರಲ್ಲಿ ತೀರಿಕೊಂಡ. ಅವನೇ ನುಡಿಸಿದ ತಟ್ಟೆಗಳು ಉಳಿದವು.

ಇದೇ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತವನು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಒಬ್ಬ ಹುಡುಗ. 1949ರಲ್ಲಿ ನಾಗಸ್ವರ ವಾದಕ ತನಿಯಪ್ಪನವರ ಮಗನಾಗಿ ಹುಟ್ಟಿದ ಆತನೇ ಮುಂದೆ ಕದ್ರಿ ಗೋಪಾಲನಾಥರೆಂದು ಹೆಸರಾದರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಿಗೆ ಗುರುಗಳು. ಬಿಡಿ ಬಿಡಿ ಸ್ವರಗಳಿಗಾಗಿ ಮಾಡಿದ ವಾದ್ಯದಲ್ಲಿ ಗಮಕ ನುಡಿಯುವಂತೆ ಮಾಡುವುದು ವರ್ಷಗಳ ದುಡಿಮೆಯಾಯಿತು. ವಾದ್ಯದ ರಚನೆಯಲ್ಲೂ ಅವರು ಕೆಲವು ಮಾರ್ಪಾಡು ಮಾಡಿಕೊಂಡರು.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಒಟ್ಟಿಗೆ ನುಡಿಸಲು ಮುಂದೆ ಬಂದರು. ಅಲ್ಲಿಂದ ಗೋಪಾಲನಾಥರಿಗೆ ಹೊರದೇಶದ ಜಾಝ್ ವೇದಿಕೆಗಳು ತೆರೆದವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿ.ಬಿ.ಸಿ.ಯ ಪ್ರಸಿದ್ಧ ಸಂಗೀತೋತ್ಸವದಲ್ಲಿಯೂ ಅವರು ನುಡಿಸಿದರು.

ಬೆಂಗಳೂರಿನ ಕಥೆ ಇನ್ನೊಂದು ಬಗೆಯದು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಅಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಶಾಲೆಯನ್ನು ಆರಂಭಿಸಿದರು. ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಅವರೂ ಸೇರಿದ ಈ ತಂಡಕ್ಕೆ ಜರ್ಮನಿಯ ಸಂಗೀತಗಾರರ ಸಂಪರ್ಕವಾಯಿತು. ಅಮೆರಿಕದ ಹಿರಿಯ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿದರು. ಜಾಝ್ ದಿಗ್ಗಜ ಚಾರ್ಲ್ಸ್ ಮಿಂಗಸ್‌ನ 1963ರ ಹೆಸರಾಂತ ಎಲ್.ಪಿ.ಯಲ್ಲಿ ನುಡಿಸಿದ್ದ ಮರಿಯಾನೊ ನಾಗಸ್ವರವನ್ನೂ ಕಲಿತವರು. ನಮ್ಮ ಕರಾವಳಿಯವರು ನಾಗಸ್ವರದಿಂದ ಸ್ಯಾಕ್ಸೊಫೋನಿಗೆ ನಡೆದರೆ, ಬಾಸ್ಟನ್ನಿನ ಈತ ಸ್ಯಾಕ್ಸೊಫೋನಿನಿಂದ ನಾಗಸ್ವರಕ್ಕೆ ನಡೆದರು.

ಇವರೆಲ್ಲ ಸೇರಿ 1983ರಲ್ಲಿ ಜರ್ಮನಿಯಲ್ಲಿ ಮುದ್ರಿಸಿದ ಎಲ್.ಪಿ.ಯ ಹೆಸರು 'ಜ್ಯೋತಿ'. ಪ್ರಕಟಿಸಿದ್ದು ಮ್ಯೂನಿಕ್ಕಿನ ಇ.ಸಿ.ಎಂ. ಎಂಬ ಕಂಪೆನಿ. ರಮಾಮಣಿಯವರ ಕಂಠ, ಮೃದಂಗ, ಘಟ, ಕೊನ್ನಕ್ಕೋಲುಗಳ ನಡುವೆ ಮರಿಯಾನೊ ಅವರ ವಾದ್ಯ ಅಬ್ಬರವಿಲ್ಲದೆ ಮಾತಿಗೆ ಮಾತು ಕೊಡುತ್ತದೆ. ಬೆಂಗಳೂರಿನ ತಂಡವೊಂದು ಹೀಗೆ ದೂರದೂರದ ಜಾಝ್ ರಸಿಕರ ಕಪಾಟು ಸೇರಿತು. ಮರಿಯಾನೊ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು.

ಹಂಚಿಕೊಂಡ ಮುದ್ರಿಕೆ ಏನು ಮಾಡಬಲ್ಲದು ಎಂಬುದಕ್ಕೆ ಇನ್ನೊಂದು ಉದಾಹರಣೆ ಸಾಕು. ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ರುದ್ರೇಶ ಮಹಾಂತಪ್ಪ ಜಾಝ್ ಸ್ಯಾಕ್ಸೊಫೋನ್ ಕಲಿಯುತ್ತಿದ್ದ ದಿನಗಳಲ್ಲಿ ಅವರ ಅಣ್ಣ ತಮಾಷೆಗೆಂದು ಒಂದು ಮುದ್ರಿಕೆಯನ್ನು ಉಡುಗೊರೆ ಕೊಟ್ಟರು. ಭಾರತೀಯ ಶೈಲಿಯ ಸ್ಯಾಕ್ಸೊಫೋನ್ ಎಂಬುದು ಅದರ ಶೀರ್ಷಿಕೆ. ನುಡಿಸಿದವರು ಕದ್ರಿ ಗೋಪಾಲನಾಥ್. ನಗಲೆಂದು ಕೊಟ್ಟದ್ದನ್ನು ಕೇಳಿದ ತಮ್ಮ ಬೆರಗಾದರು. ಮುಂದೆ ಗೋಪಾಲನಾಥರನ್ನೇ ಹುಡುಕಿಕೊಂಡು ಬಂದರು. ಇಬ್ಬರೂ ಸೇರಿ ನುಡಿಸಿದ ಆಲ್ಬಮ್ 2008ರಲ್ಲಿ ಹೊರಬಂತು. 'ಬಂಧುಗಳು' ಎಂಬ ಅರ್ಥ ಬರುವ 'ಕಿನ್ಸ್‌ಮೆನ್' ಎಂದು ಅದಕ್ಕೆ ಹೆಸರಿಟ್ಟರು. ಅರಮನೆಯ ಬ್ಯಾಂಡಿನಿಂದ ಸಜಿಪದ ಹುಡುಗನಿಗೆ, ಅವನಿಂದ ಅಮೆರಿಕದ ಹುಡುಗನಿಗೆ ನಾದ ದಾಟಿದ್ದು ಯಾವ ಶಾಲೆಯ ಮೂಲಕವೂ ಅಲ್ಲ, ಕಿವಿಯ ಮೂಲಕ.

ಕ್ಯಾಸೆಟ್ಟು, ಸಿ.ಡಿ.ಗಳು ಬಂದ ಮೇಲೆ ಎಲ್.ಪಿ. ಹಿಂದೆ ಸರಿಯಿತು. 1990ರ ದಶಕದಲ್ಲಿ ಭಾರತದ ಅಂಗಡಿಗಳಿಂದಲೂ ಅದು ಬಹುಮಟ್ಟಿಗೆ ಮರೆಯಾಯಿತು. ಮುಗಿಯಿತೆಂದುಕೊಂಡ ತಟ್ಟೆ ಮತ್ತೆ ತಿರುಗತೊಡಗಿದ್ದು ಈ ಶತಮಾನದಲ್ಲಿ. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾದವು, ಸಿ.ಡಿ.ಗಳ ಸಂಖ್ಯೆ ಸುಮಾರು 3.3 ಕೋಟಿ. ಬೆರಳ ತುದಿಯಲ್ಲಿ ಎಲ್ಲ ಸಂಗೀತವೂ ಸಿಗುವ ಕಾಲದಲ್ಲಿ ಹೀಗೇಕೆ? ವಿನೈಲಿನ ನಾದವೇ ಮಧುರವೆಂದು ಕೆಲವರು ವಾದಿಸುತ್ತಾರೆ. ಆದರೆ ತಟ್ಟೆ ಕೇಳುವ ಕ್ರಮದಲ್ಲೇ ಒಂದು ಕಾರಣವಿದೆ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಇಡಬೇಕು, ಧೂಳು ಒರೆಸಬೇಕು, ಮುಳ್ಳು ಇಳಿಸಬೇಕು, ಇಪ್ಪತ್ತು ನಿಮಿಷಕ್ಕೆ ಎದ್ದು ಮಗುಚಬೇಕು. ಅಷ್ಟು ಹೊತ್ತು ಕುಳಿತವನು ಕೇಳಲೆಂದೇ ಕುಳಿತಿರುತ್ತಾನೆ. ಪಕ್ಕದಲ್ಲಿ ಇನ್ನೊಬ್ಬನಿದ್ದರೆ ಮಗುಚುವ ನಡುವೆ ಮಾತೂ ಹುಟ್ಟುತ್ತದೆ.

ಕದ್ರಿ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಅವರ ಕಛೇರಿಗಳ ಮುದ್ರಿಕೆಗಳು ಸಾಕಷ್ಟಿವೆ. ಆದರೆ ಅವರ ಸೀಮೆಯ ಜಾತ್ರೆ, ನೇಮಗಳಲ್ಲಿ ಬೆಳಗಿನ ಜಾವದವರೆಗೆ ಸ್ಯಾಕ್ಸೊಫೋನ್ ಊದುವ ವಾದಕರ ಮನೋಧರ್ಮ ಯಾವ ತಟ್ಟೆಯಲ್ಲಿದೆ? ತಾಳಮದ್ದಳೆಯ ಅದೆಷ್ಟೋ ಒಳ್ಳೆಯ ರಾತ್ರಿಗಳು ಕೇಳಿದವರ ನೆನಪಿನೊಂದಿಗೇ ಮುಗಿದುಹೋದವು. ಉಳಿದ ಕೆಲವು, ಯಾರೋ ಆಸಕ್ತರು ಟೇಪ್ ರೆಕಾರ್ಡರ್ ಒತ್ತಿದ್ದರಿಂದ, ಆ ಕ್ಯಾಸೆಟ್ಟನ್ನು ಗೆಳೆಯರಿಗೆ ಕೊಟ್ಟಿದ್ದರಿಂದ ಉಳಿದವು. ಜಾಝ್ ರಸಿಕರು ನೂರು ವರ್ಷಗಳಿಂದ ಮಾಡಿಕೊಂಡು ಬಂದಿರುವುದೂ ಇಷ್ಟೇ. ಚೆನ್ನಾಗಿದ್ದುದನ್ನು ಹಿಡಿದಿಟ್ಟುಕೊಂಡರು, ಹಿಡಿದಿಟ್ಟುಕೊಂಡದ್ದನ್ನು ಮತ್ತೊಬ್ಬರಿಗೆ ಕೇಳಿಸಿದರು.