ಹೊಲ ಯಾವುದು, ನಿವೇಶನ ಯಾವುದು? ತೆರಿಗೆ ಕಾನೂನಿನ ಕಣ್ಣಲ್ಲಿ ಕೃಷಿ ಭೂಮಿ

ಭೀಮರಾಯನಗುಡಿ (ಶಹಾಪುರ ತಾ.): ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಶಹಾಪುರ, ಸುರಪುರ ತಾಲ್ಲೂಕುಗಳ ಸಾವಿರಾರು ಎಕರೆ ಖುಷ್ಕಿ ಹೊಲಗಳಿಗೆ ನೀರುಣಿಸಿವೆ. ಯೋಜನೆಯ ಕಚೇರಿಗಳು, ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ ಹಾಗೂ ಕೃಷಿ ಮಹಾವಿದ್ಯಾಲಯ ನೆಲೆಗೊಂಡ ಭೀಮರಾಯನಗುಡಿಯು ಅತ್ತ ಹಳ್ಳಿಯೂ ಅಲ್ಲ, ಇತ್ತ ಪೂರ್ಣ ಪಟ್ಟಣವೂ ಅಲ್ಲ. ಇಂತಹ ಊರುಗಳ ಅಂಚಿನಲ್ಲಿರುವ ಜಮೀನಿನ ಒಡೆಯನಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ: ಕಾನೂನಿನ ದೃಷ್ಟಿಯಲ್ಲಿ ನನ್ನ ಹೊಲ ಇನ್ನೂ ಹೊಲವೇ?

ಪಹಣಿಯಲ್ಲಿ ಸರ್ವೆ ನಂಬರು, ಬೆಳೆಯ ಹೆಸರು ಇದ್ದರೆ ಸಾಕೆಂಬುದು ಸಾಮಾನ್ಯ ನಂಬಿಕೆ. ಆದರೆ ‘ಕೃಷಿ’ ಎಂಬ ಪದಕ್ಕೆ ಎಲ್ಲ ಕಾಯ್ದೆಗಳಲ್ಲಿಯೂ ಒಂದೇ ಅರ್ಥವಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಜಮೀನು ಮಾರಿದವರು ಲಕ್ಷಾಂತರ ರೂಪಾಯಿ ತೆರಿಗೆ ತೆರಬೇಕಾದೀತು.

ಕಂದಾಯ ಕಾನೂನು ಹೇಳುವುದೇನು?

ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ಭಾಗದಲ್ಲಿ ಹಿಂದೆ 1317ನೇ ಫಸಲಿಯ ಹೈದರಾಬಾದ್ ಭೂಕಂದಾಯ ಕಾಯ್ದೆ ಜಾರಿಯಲ್ಲಿತ್ತು. ಅದರ ಸ್ಥಾನವನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಪಡೆಯಿತು. ಈ ಕಾಯ್ದೆಯ 95ನೇ ಕಲಮಿನ ಪ್ರಕಾರ, ಕೃಷಿಗೆಂದು ಹಿಡುವಳಿಯಾಗಿರುವ ಜಮೀನಿನಲ್ಲಿ ಬೇಸಾಯದ ಅನುಕೂಲಕ್ಕಾಗಿ ಕೃಷಿ ಕಟ್ಟಡ, ಬಾವಿ, ಕೆರೆ ಮುಂತಾದವನ್ನು ನಿರ್ಮಿಸಿಕೊಳ್ಳುವ ಹಕ್ಕು ರೈತನಿಗಿದೆ. ಅದೇ ಜಮೀನನ್ನು ನಿವೇಶನಗಳಿಗೋ ಕಾರ್ಖಾನೆಗೋ ಬಳಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕೆಂಬುದು ಮೂಲ ನಿಯಮ. ನಂತರದ ತಿದ್ದುಪಡಿಗಳು ಕೆಲವು ಸಂದರ್ಭಗಳಲ್ಲಿ ಈ ಕ್ರಮವನ್ನು ಸರಳಗೊಳಿಸಿವೆ. ಅನುಮತಿಯಿಲ್ಲದ ಬಳಕೆಗೆ 96ನೇ ಕಲಮು ದಂಡ ವಿಧಿಸುತ್ತದೆ.

1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ ವ್ಯಾಖ್ಯೆ ಇನ್ನೂ ವಿಶಾಲವಾದುದು. ಬೆಳೆ ಬೆಳೆಯುವುದು, ತೋಟಗಾರಿಕೆ, ಹುಲ್ಲು ಬೆಳೆಸುವುದು, ಹೈನುಗಾರಿಕೆ, ಕೋಳಿ ಸಾಕಣೆ, ಜಾನುವಾರು ತಳಿ ಸಂವರ್ಧನೆ, ಮೇಯಿಸುವಿಕೆ ಇವೆಲ್ಲವೂ ಅಲ್ಲಿ ‘ಕೃಷಿ’. ಕೇವಲ ಮರ ಕಡಿಯುವುದು ಕೃಷಿಯಲ್ಲ. ವಾಸ್ತವವಾಗಿ ಸಾಗುವಳಿಯಾಗುತ್ತಿರುವ ಜಮೀನಷ್ಟೇ ಅಲ್ಲದೆ ಸಾಗುವಳಿಗೆ ಯೋಗ್ಯವಾದ ಜಮೀನನ್ನೂ ಈ ಕಾಯ್ದೆ ‘ಭೂಮಿ’ ಎಂದು ಪರಿಗಣಿಸುತ್ತದೆ. ಮನೆ ನಿವೇಶನವನ್ನು ಹೊರಗಿಡುತ್ತದೆ.

ಪಂಚಾಯಿತಿ ತೆರಿಗೆ ಯಾವುದರ ಮೇಲೆ?

1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಮು ಗ್ರಾಮ ಪಂಚಾಯಿತಿಗಳಿಗೆ ತೆರಿಗೆ ವಿಧಿಸುವ ಅಧಿಕಾರ ನೀಡಿದೆ. ಆದರೆ ಆ ಅಧಿಕಾರವಿರುವುದು ಕೃಷಿ ಕಂದಾಯದ ನಿರ್ಧರಣೆಗೆ ಒಳಪಡದ ಕಟ್ಟಡ ಮತ್ತು ಜಮೀನುಗಳ ಮೇಲೆ ಮಾತ್ರ. ಅಂದರೆ ಭತ್ತದ ಗದ್ದೆಗೆ ಪಂಚಾಯಿತಿಯ ಆಸ್ತಿ ತೆರಿಗೆ ಇಲ್ಲ. ಅದೇ ಗದ್ದೆ ಭೂಪರಿವರ್ತನೆಗೊಂಡು ನಿವೇಶನವಾದ ಕೂಡಲೇ, ಅಲ್ಲಿ ಒಂದು ಇಟ್ಟಿಗೆಯನ್ನೂ ಇಡದಿದ್ದರೂ ಪಂಚಾಯಿತಿಯ ತೆರಿಗೆ ವ್ಯಾಪ್ತಿಗೆ ಬರುತ್ತದೆ. ಲೇಔಟ್ ಮಾಡುವ ಆತುರದಲ್ಲಿ ಪರಿವರ್ತನೆ ಮಾಡಿಸಿ, ನಿವೇಶನಗಳು ಮಾರಾಟವಾಗದೆ ಉಳಿದಾಗ ಮಾಲೀಕರಿಗೆ ಇದರ ಬಿಸಿ ತಟ್ಟುತ್ತದೆ.

ಮಾರಾಟದ ವೇಳೆ ಬದಲಾಗುವ ಅಳತೆಗೋಲು

ಆದಾಯ ತೆರಿಗೆಯ ಲೆಕ್ಕಾಚಾರವೇ ಬೇರೆ. ಗ್ರಾಮೀಣ ಕೃಷಿ ಭೂಮಿಯನ್ನು ಅದು ‘ಬಂಡವಾಳ ಆಸ್ತಿ’ ಎಂದು ಪರಿಗಣಿಸುವುದಿಲ್ಲ. ಆದ್ದರಿಂದ ಅದರ ಮಾರಾಟದ ಲಾಭಕ್ಕೆ ತೆರಿಗೆಯಿಲ್ಲ. ಆದರೆ 10 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ ಸಂಸ್ಥೆಯ ವ್ಯಾಪ್ತಿಯೊಳಗಿನ ಕೃಷಿ ಭೂಮಿಗೆ ಈ ರಕ್ಷಣೆ ಇಲ್ಲ. ಜನಸಂಖ್ಯೆ 10 ಸಾವಿರಕ್ಕಿಂತ ಹೆಚ್ಚು, 1 ಲಕ್ಷದವರೆಗೆ ಇದ್ದರೆ ಗಡಿಯಿಂದ 2 ಕಿ.ಮೀ., 10 ಲಕ್ಷದವರೆಗೆ 6 ಕಿ.ಮೀ., ಅದಕ್ಕೂ ಮೀರಿದರೆ 8 ಕಿ.ಮೀ. ಒಳಗಿನ ಜಮೀನಿಗೂ ರಕ್ಷಣೆ ತಪ್ಪುತ್ತದೆ. 2013ರ ಹಣಕಾಸು ಕಾಯ್ದೆಯ ನಂತರ ಈ ದೂರವನ್ನು ರಸ್ತೆಯ ಮೂಲಕವಲ್ಲ, ನೇರ ವೈಮಾನಿಕ ದೂರವಾಗಿ ಅಳೆಯಲಾಗುತ್ತಿದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ.

2011ರ ಜನಗಣತಿಯಂತೆ ಶಹಾಪುರ, ಸುರಪುರ, ಯಾದಗಿರಿ ಮೂರೂ 10 ಸಾವಿರದಿಂದ 1 ಲಕ್ಷದೊಳಗಿನ ಪಟ್ಟಣಗಳು. ಶಹಾಪುರದ ಗಡಿಯಿಂದ ಒಂದೂವರೆ ಕಿ.ಮೀ. ದೂರದ ಹತ್ತಿ ಹೊಲವನ್ನೂ ಎರಡೂವರೆ ಕಿ.ಮೀ. ದೂರದ ಹತ್ತಿ ಹೊಲವನ್ನೂ ಒಂದೇ ಬೆಲೆಗೆ ಮಾರಿದರೆ, ಮೊದಲನೆಯವನ ಲಾಭಕ್ಕೆ ತೆರಿಗೆ ಇದೆ, ಎರಡನೆಯವನಿಗೆ ಇಲ್ಲ. ಮಣ್ಣು, ಬೆಳೆ, ಕಾಲುವೆ ಎಲ್ಲವೂ ಒಂದೇ. ಹಳ್ಳಿಯೊಂದು ನಗರ ಸಂಸ್ಥೆಯಾಗಿ ಮೇಲ್ದರ್ಜೆಗೇರಿದಾಗ ಅಥವಾ ಪುರಸಭೆಯ ಗಡಿ ವಿಸ್ತರಣೆಯಾದಾಗ ನೇಗಿಲು ನಿಲ್ಲಿಸದ ರೈತನೂ ತೆರಿಗೆ ವ್ಯಾಪ್ತಿಗೆ ಬರಬಹುದು. ಅಂತಹವರಿಗೆ ಒಂದು ಪರಿಹಾರವುಂಟು: ಮಾರಾಟಕ್ಕೆ ಹಿಂದಿನ 2 ವರ್ಷ ಜಮೀನು ಸಾಗುವಳಿಯಲ್ಲಿದ್ದು, ಮಾರಿದ 2 ವರ್ಷದೊಳಗೆ ಬೇರೆ ಕೃಷಿ ಭೂಮಿ ಖರೀದಿಸಿದರೆ ವಿನಾಯಿತಿ ದೊರೆಯುತ್ತದೆ.

ಬೇಗಂಪೇಟೆಯ ಪಾಠ

ಪಹಣಿಯಲ್ಲಿ ಕೃಷಿ ಎಂದಿದ್ದರೆ ಸಾಲದೆ? ಹೈದರಾಬಾದಿನ ಬೇಗಂಪೇಟೆಯ ಸುಮಾರು 108 ಎಕರೆ ಜಮೀನಿನ ಬಗ್ಗೆ ಸುಪ್ರೀಂ ಕೋರ್ಟ್ 1976ರಲ್ಲಿ ನೀಡಿದ ತೀರ್ಪು ಇದಕ್ಕೆ ಉತ್ತರ. ಸಂಪತ್ತು ತೆರಿಗೆಗೆ ಸಂಬಂಧಿಸಿದ ಆ ಪ್ರಕರಣದಲ್ಲಿ ಜಮೀನಿನಲ್ಲಿ ಬಾವಿಗಳಿದ್ದವು, ಕಂದಾಯ ನಿಗದಿಯಾಗಿತ್ತು, ಆದರೆ ಉಳುಮೆ ನಡೆದಿರಲಿಲ್ಲ. ಉಳಲು ಯೋಗ್ಯವೆಂಬ ಮಾತ್ರಕ್ಕೆ ಜಮೀನು ಕೃಷಿ ಭೂಮಿಯಾಗದು, ಕೃಷಿ ಉದ್ದೇಶದೊಡನೆ ಅದಕ್ಕೆ ನಿಜವಾದ ಸಂಬಂಧವಿರಬೇಕು ಎಂಬುದು ನ್ಯಾಯಾಲಯದ ಅಭಿಮತ. ದಾಖಲೆಯ ನಮೂದು ಒಂದು ಸಾಕ್ಷ್ಯ, ಅಂತಿಮ ತೀರ್ಮಾನವಲ್ಲ.

ಬೆಳೆಗೂ ಇದೆ ಗಡಿ

1957ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಉಳುವುದು, ಬಿತ್ತುವುದು, ನಾಟಿ ಮಾಡುವುದು ಕೃಷಿಯ ಮೂಲ ಕ್ರಿಯೆಗಳೆಂದೂ, ಕಳೆ ಕೀಳುವುದು, ಕೊಯ್ಲು ಮುಂತಾದವು ಅವುಗಳ ಮುಂದುವರಿಕೆಯೆಂದೂ ಹೇಳಿತು. ಮೂಲ ಕ್ರಿಯೆ ಇಲ್ಲದಿದ್ದರೆ ಆದಾಯ ತೆರಿಗೆಯ ಮಟ್ಟಿಗೆ ಅದು ಕೃಷಿ ಆದಾಯವಲ್ಲ. ಹೀಗಾಗಿ ಭೂಸುಧಾರಣಾ ಕಾಯ್ದೆಯಲ್ಲಿ ‘ಕೃಷಿ’ಯಾದ ಹೈನುಗಾರಿಕೆ, ಕೋಳಿ ಸಾಕಣೆಗಳ ಆದಾಯಕ್ಕೆ ಇಲ್ಲಿ ವಿನಾಯಿತಿ ಇಲ್ಲ. ನರ್ಸರಿಯ ಸಸಿಗಳ ಆದಾಯವನ್ನು ಮಾತ್ರ 2008ರ ಹಣಕಾಸು ಕಾಯ್ದೆ ಕೃಷಿ ಆದಾಯವೆಂದು ಒಪ್ಪಿತು.

ಜಿಎಸ್‌ಟಿಯಲ್ಲಿ ಮತ್ತೊಂದು ಗೆರೆ. ರೈತನು ಸಾಮಾನ್ಯವಾಗಿ ಮಾಡುವ, ಮೂಲ ಗುಣವನ್ನು ಬದಲಿಸದ ಸಂಸ್ಕರಣೆಯಷ್ಟೇ ಆಗಿದ್ದರೆ ಅದು ಕೃಷಿ ಉತ್ಪನ್ನ. ಗೋದಾಮು ಸೇವೆಯ ಕುರಿತ 2017ರ ಸ್ಪಷ್ಟೀಕರಣದಂತೆ ಇಡೀ ಕಾಳು ಕೃಷಿ ಉತ್ಪನ್ನ. ಸಿಪ್ಪೆ ತೆಗೆದು ಒಡೆದ ಬೇಳೆ ಅಲ್ಲ. ತೊಗರಿಯ ಈ ನಾಡಿನಲ್ಲಿ ಕೃಷಿಯ ಗಡಿ ದಾಲ್ ಮಿಲ್ಲಿನ ಬಾಗಿಲಿನಲ್ಲಿದೆ!

ಜಮೀನು ಮಾರುವ ಮುನ್ನ ರೈತರು ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು: ಭೂಪರಿವರ್ತನೆ ಆಗಿದೆಯೇ, ನಗರ ಸಂಸ್ಥೆಯ ಗಡಿಯಿಂದ ನೇರ ದೂರವೆಷ್ಟು, ಕಳೆದ ವರ್ಷಗಳ ಸಾಗುವಳಿಗೆ ಪುರಾವೆ ಇದೆಯೇ. ಪಹಣಿಯ ಜೊತೆಗೆ ಬೀಜ, ಗೊಬ್ಬರದ ರಸೀದಿ, ನೀರಿನ ಕರ ಪಾವತಿ, ಎಪಿಎಂಸಿಯ ಮಾರಾಟ ಚೀಟಿಗಳನ್ನು ಕಾಪಾಡಿಟ್ಟುಕೊಂಡಲ್ಲಿ, ವಿವಾದ ಎದ್ದಾಗ ಹೊಲವನ್ನು ಹೊಲವೆಂದು ಸಾಬೀತುಪಡಿಸಲು ಅವೇ ಆಸರೆಯಾಗುತ್ತವೆ.