ಗೆಳತಿಯ ಜತೆ ಕಲಬುರಗಿ ನೋಡಿ ಬಂದವರು

ನಮ್ಮ ಕಡೆ ಶಾಲಾ ಪ್ರವಾಸವೆಂದರೆ ಬಹುತೇಕ ಒಂದೇ ಮಾದರಿ. ಡಿಸೆಂಬರ್ ಬಂತೆಂದರೆ ಒಂದು ಬಸ್ಸು, 50 ಮಕ್ಕಳು, ನಾಲ್ವರು ಶಿಕ್ಷಕರು, ಮೂರು ದಿನ. ವಿಜಯಪುರ, ಆಲಮಟ್ಟಿ, ಬಾದಾಮಿ, ಹಂಪಿ. ರಾತ್ರಿಯೆಲ್ಲ ತೂಕಡಿಕೆ, ಹಗಲೆಲ್ಲ ಸಾಲಿನಲ್ಲಿ ನಡಿಗೆ. ಗೋಳಗುಮ್ಮಟದೊಳಗೆ ಮಕ್ಕಳು ಕೂಗಿ ಪ್ರತಿಧ್ವನಿ ಕೇಳುವಷ್ಟರಲ್ಲಿ ಕೆಳಗಿನಿಂದ ದೈಹಿಕ ಶಿಕ್ಷಕರ ಸೀಟಿ ಕೇಳಿಸುತ್ತದೆ. ಇಂಥ ಪ್ರವಾಸ ಬೇಡವೆಂದು ನಾನು ಹೇಳುವುದಿಲ್ಲ. ಮಕ್ಕಳೊಂದಿಗೆ ಹಲವು ಸಲ ಹೋಗಿ ಬಂದವನೇ ನಾನು. ಆದರೆ ಅದರಿಂದ ಸಿಗದ ಒಂದು ವಿದ್ಯೆ ಇದೆ.

ಕಮಲಾಪುರ ತಾಲ್ಲೂಕಿನ ನಮ್ಮ ಶಾಲೆಯ ಹತ್ತನೇ ತರಗತಿಯಲ್ಲಿ ಒಮ್ಮೆ ಕೇಳಿದೆ: ‘ಗೋಳಗುಮ್ಮಟ ನೋಡಿದವರು ಯಾರು?’ ಮುಕ್ಕಾಲು ಪಾಲು ಕೈಗಳು ಮೇಲೆದ್ದವು. ‘ಕಲಬುರಗಿ ಕೋಟೆಯ ಒಳಗೆ ಹೋದವರು?’ ನಾಲ್ಕೇ ಕೈ. ಕಲಬುರಗಿ ಇಲ್ಲಿಂದ ಹೆಚ್ಚೆಂದರೆ 40 ಕಿಲೋಮೀಟರ್. ಎಲ್ಲರೂ ಅಲ್ಲಿಗೆ ಹೋದವರೇ. ಅಜ್ಜಿಯನ್ನು ದವಾಖಾನೆಗೆ ತೋರಿಸಲು, ಮದುವೆ ಬಟ್ಟೆ ಕೊಳ್ಳಲು, ಅಪ್ಪನ ಕೈ ಹಿಡಿದು ಹೋಗಿದ್ದಾರೆ. ಊರು ನೋಡಲೆಂದು ಮಾತ್ರ ಯಾರೂ ಹೋಗಿಲ್ಲ.

ಹುಡುಗಿಯರ ಮಟ್ಟಿಗೆ ಇದು ಬರೀ ನೋಟದ ಪ್ರಶ್ನೆಯಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದರೂ, ಬೇಕಾದ ವಿಷಯ ನಗರದ ಕಾಲೇಜಿನಲ್ಲಿ ಸಿಗುವಂತಿದ್ದರೂ ‘ದಿನಾ ಯಾರು ಕರಕೊಂಡ್ ಹೋಗೋರು?’ ಎಂಬ ಒಂದೇ ಮಾತಿಗೆ ಓದಿನ ದಿಕ್ಕು ಬದಲಾದದ್ದನ್ನು ಪ್ರತಿ ಜೂನ್‌ನಲ್ಲಿ ನೋಡುತ್ತೇನೆ. 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಉನ್ನತ ಶಿಕ್ಷಣದಲ್ಲಿ ಶೇ 70ರಷ್ಟು ಸೀಟುಗಳು ಮೀಸಲಿವೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವೂ ಇಲ್ಲ. ಸೀಟಿದೆ, ಬಸ್ಸಿದೆ. ಹೋಗಿ ಬರುವ ಧೈರ್ಯವನ್ನು ಮಾತ್ರ ಯಾವ ಯೋಜನೆಯೂ ಕೊಡಲಾರದು.

ಕಳೆದ ಚಳಿಗಾಲದಲ್ಲಿ ನನ್ನ ತರಗತಿಯ ಇಬ್ಬರು ಹುಡುಗಿಯರು ಒಂದು ಭಾನುವಾರ ತಾವಿಬ್ಬರೇ ಕಲಬುರಗಿ ನೋಡಿ ಬಂದರು. ಒಬ್ಬಳಿಗೆ ನಗರ ಅಲ್ಪಸ್ವಲ್ಪ ಗೊತ್ತು, ಸೋದರತ್ತೆಯ ಮನೆ ಅಲ್ಲಿದೆ. ಇನ್ನೊಬ್ಬಳಿಗೆ ಅದೇ ಮೊದಲ ಸಲ. ಅವಳ ತಾಯಿಯನ್ನು ಒಪ್ಪಿಸಲು ಎರಡು ವಾರ ಹಿಡಿಯಿತು. ‘ಸರ್, ನೀವು ಸಂಗಟ ಹೋಗ್ತಿದ್ರ ಕಳಸ್ತೀವ್ರಿ. ಹುಡುಗೇರು ಇಬ್ಬರೇ ಹ್ಯಾಂಗ್ರಿ?’ ಎಂದು ಆಕೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಜತೆಗೆ ಹೋದರೆ ಅದು ಮತ್ತೆ ಶಾಲಾ ಪ್ರವಾಸವೇ ಆಗುತ್ತದೆ ಎಂದೆ. ಕೊನೆಗೆ ತಂದೆ ಮೂರು ಷರತ್ತು ಹಾಕಿದರು: ಮುಟ್ಟಿದ ಕೂಡಲೇ ಫೋನ್ ಮಾಡಬೇಕು, ಮಧ್ಯಾಹ್ನ ಒಮ್ಮೆ ಮಾಡಬೇಕು, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಜತೆಗೆ ಮನೆಯ ಬಟನ್ ಫೋನ್ ಕೊಟ್ಟರು. ಅದರಲ್ಲಿ ನಕ್ಷೆ ಇಲ್ಲದ್ದು ಒಳ್ಳೆಯದೇ ಆಯಿತು. ದಾರಿಯನ್ನು ಜನರ ಬಾಯಿಂದ ಕೇಳಬೇಕಾಯಿತು.

ನಾನು ಕೊಟ್ಟದ್ದು ಎರಡು ಸೂಚನೆ ಮಾತ್ರ. ಮೂರು ಸ್ಥಳಕ್ಕಿಂತ ಹೆಚ್ಚು ನೋಡಬೇಡಿ. ನೋಡಿದ್ದರಲ್ಲಿ ಒಂದನ್ನಾದರೂ ಅಳೆಯಿರಿ ಇಲ್ಲವೇ ಎಣಿಸಿ.

ಬಸ್ಸಿನ ಕಿಟಕಿಯಿಂದಲೇ ಪಾಠ ಆರಂಭವಾಗುತ್ತದೆ. ಕಮಲಾಪುರದ ಸುತ್ತಲಿನದು ಕೆಂಪು ನೆಲ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಹಣ್ಣು ಬೆಳೆಯುವುದು ಇಲ್ಲಿಯೇ. ಕಲಬುರಗಿಯತ್ತ ಇಳಿದಂತೆ ಮಣ್ಣು ಕಪ್ಪಾಗುತ್ತ ಎರೆಭೂಮಿಯಾಗುತ್ತದೆ, ತೊಗರಿ ಹೊಲಗಳು ಹಬ್ಬುತ್ತವೆ. ಒಂದು ಗಂಟೆಯ ಪ್ರಯಾಣದಲ್ಲಿ ಎರಡು ಬಗೆಯ ಮಣ್ಣು. ಪುಸ್ತಕದಲ್ಲಿ ಇದನ್ನು ಬಾಯಿಪಾಠ ಮಾಡಿದ ಮಕ್ಕಳು ಅದೇ ದಾರಿಯಲ್ಲಿ ಹತ್ತಾರು ಸಲ ಓಡಾಡಿಯೂ ಗಮನಿಸಿರುವುದಿಲ್ಲ.

ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಮೊದಲ ಅರ್ಧ ಗಂಟೆ ಕಷ್ಟದ್ದಾಗಿತ್ತಂತೆ. ದಾರಿ ಗೊತ್ತು ಎಂದಿದ್ದವಳಿಗೂ ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ದಿಕ್ಕು ತಪ್ಪಿತು. ಅತ್ತೆಯ ಜತೆ ಬಂದಾಗ ಅತ್ತೆಯ ಸೀರೆಯ ಸೆರಗು ನೋಡಿಕೊಂಡು ನಡೆದಿದ್ದಳೇ ಹೊರತು ರಸ್ತೆ ನೋಡಿರಲಿಲ್ಲ. ಬಳೆ ಮಾರುವ ಮುದುಕಿಯೊಬ್ಬಳನ್ನು ಕನ್ನಡದಲ್ಲಿ ಕೇಳಿದರು. ‘ಸೀದಾ ಜಾವ್ ಬೇಟಾ, ಕಿಲ್ಲಾ ಸಾಮ್ನೇಚ್ ಹೈ’ ಎಂದು ಆಕೆ ದಖನಿಯಲ್ಲಿ ಉತ್ತರಿಸಿದಳು. ಕಲಬುರಗಿಯಲ್ಲಿ ಇದು ದಿನನಿತ್ಯದ ಮಾತು. ಪ್ರಶ್ನೆ ಒಂದು ಭಾಷೆಯಲ್ಲಿ, ಉತ್ತರ ಇನ್ನೊಂದರಲ್ಲಿ, ವ್ಯವಹಾರಕ್ಕೆ ಅಡ್ಡಿಯಿಲ್ಲ. ‘ಸಾಮ್ನೇಚ್’ ಎಂದದ್ದು ಸಾಕಷ್ಟು ದೂರವಿತ್ತು ಎಂಬುದು ಬೇರೆ ಮಾತು.

ಎಣಿಸಿದಷ್ಟೂ ತಪ್ಪುವ ಗುಮ್ಮಟಗಳು

1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಗಿತ್ತು. 1420ರ ದಶಕದಲ್ಲಿ ರಾಜಧಾನಿ ಬೀದರಕ್ಕೆ ಹೋಯಿತು. ಕೋಟೆಯೊಳಗಿನ ಜಾಮಾ ಮಸೀದಿ 1367ರದ್ದು. ಗೋಳಗುಮ್ಮಟಕ್ಕಿಂತ ಸುಮಾರು 290 ವರ್ಷ ಹಳೆಯದು! ಮಸೀದಿ ಎಂದರೆ ಸಾಮಾನ್ಯವಾಗಿ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಮಾಡು ಹಾಕಲಾಗಿದೆ. ಒಂದು ದೊಡ್ಡ ಗುಮ್ಮಟ, ಮೂಲೆಗಳಲ್ಲಿ ನಾಲ್ಕು, ಉಳಿದಂತೆ ಸಾಲು ಸಾಲು ಚಿಕ್ಕ ಗುಮ್ಮಟಗಳು. ಭಾರತದಲ್ಲಿ ಇಂಥ ವಿನ್ಯಾಸ ತೀರ ಅಪರೂಪ.

ಚಿಕ್ಕ ಗುಮ್ಮಟಗಳು ಎಷ್ಟು? ಒಂದೊಂದು ಪುಸ್ತಕ ಒಂದೊಂದು ಸಂಖ್ಯೆ ಹೇಳುತ್ತದೆ. ಅದಕ್ಕೇ ಎಣಿಸಲು ಹೇಳಿದ್ದೆ. ಒಳಗೆ ನಿಂತು ಮೇಲೆ ನೋಡುತ್ತ ಇಬ್ಬರೂ ಬೇರೆ ಬೇರೆಯಾಗಿ ಎಣಿಸಿದರು. ಎರಡು ಲೆಕ್ಕ ಕೂಡಲಿಲ್ಲ. ಮತ್ತೆ ಎಣಿಸಿದರು, ಮತ್ತೆ ಕೂಡಲಿಲ್ಲ. ಮೂರನೆಯ ಸಲ ಒಬ್ಬಳು ಸಾಲುಗಳನ್ನೂ ಇನ್ನೊಬ್ಬಳು ಪ್ರತಿ ಸಾಲಿನ ಗುಮ್ಮಟಗಳನ್ನೂ ನೋಟ್‌ಬುಕ್ಕಿನಲ್ಲಿ ಚೌಕ ಹಾಕಿ ಗುರುತಿಸಿದರು. ಪ್ರಯೋಗವನ್ನು ಏಕೆ ಮೂರು ಸಲ ಮಾಡಬೇಕು ಎಂದು ನಾನು ವರ್ಷವಿಡೀ ಹೇಳಿದ್ದು ಆಗ ಕೈಗೆ ಬಂದಂತಾಯಿತು. ಅವರ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಓದುವ ಮಕ್ಕಳು ಹೋಗಿ ಎಣಿಸಲಿ.

ಅವರು ಹೊತ್ತು ತಂದ ಪ್ರಶ್ನೆ ಅದಕ್ಕಿಂತ ಚೆನ್ನಾಗಿತ್ತು. ಪಕ್ಕದ ಸಾಲುಗಳಲ್ಲಿ ಗಿಡ್ಡನೆಯ ಆಧಾರಗಳಿಂದ ಬಹಳ ಅಗಲವಾದ ಕಮಾನುಗಳು ಎದ್ದಿವೆ. ‘ನಡುವೆ ಕಂಬಿಲ್ಲ, ಕಬ್ಬಿಣಿಲ್ಲ. ನಡೂ ಕಲ್ಲು ಯಾಕ ಬೀಳಂಗಿಲ್ರಿ ಸರ್?’ ಕಲ್ಲನ್ನು ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಬಿರಿಯುತ್ತದೆ. ಅಗಲವಾದ ಬಾಗಿಲಿನ ಮೇಲೆ ಉದ್ದನೆಯ ಚಪ್ಪಡಿ ಇಟ್ಟರೆ ಭಾರಕ್ಕೆ ಅದು ಬಾಗಿ, ಕೆಳಮೈ ಹಿಗ್ಗಿದಂತಾಗಿ ಸೀಳುತ್ತದೆ. ಕಮಾನಿನಲ್ಲಿ ಹಾಗಲ್ಲ. ಪ್ರತಿ ಕಲ್ಲೂ ಅಕ್ಕಪಕ್ಕದ ಕಲ್ಲನ್ನು ಒತ್ತುತ್ತದೆ. ನಡುಗಲ್ಲಿನ ಭಾರ ಎರಡೂ ಕಡೆಗೆ ಹರಿದು ಕಾಲುಗಳಿಗೆ ಇಳಿಯುತ್ತದೆ. ಕಾಲುಗಳು ಹೊರಕ್ಕೆ ಜರುಗದಂತೆ ತಡೆಯಲು ದಪ್ಪ ಗೋಡೆಯೋ ಪಕ್ಕದ ಇನ್ನೊಂದು ಕಮಾನೋ ಬೇಕು. ಮರುದಿನ ತರಗತಿಯಲ್ಲಿ ಆರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಅಂಗೈಗೆ ಅಂಗೈ ಒತ್ತಿಸಿ ತೋರಿಸಿದೆ. ಹಿಂದಿನಿಂದ ಯಾರೂ ಆನಿಸಿಕೊಳ್ಳದಿದ್ದರೆ ಕಾಲು ಜಾರುತ್ತದೆ ಎಂಬುದು ಐದು ನಿಮಿಷದಲ್ಲಿ ಎಲ್ಲರಿಗೂ ತಿಳಿಯಿತು.

ಕೋಟೆಯ ಬಾರಾ ಗಜಿ ತೋಪಿನ ಉದ್ದವನ್ನು ಅವರು ಅಳೆದದ್ದು ಚೂಡಿದಾರದ ವೇಲಿನಿಂದ. ನಾಲ್ಕು ವೇಲಿಗೆ ಒಂದು ಗೇಣು ಕಡಿಮೆ. ಮನೆಗೆ ಬಂದು ಟೇಪು ಹಿಡಿದರೆ ವೇಲು 2.25 ಮೀಟರ್. ನಾಲ್ಕರಿಂದ ಗುಣಿಸಿ ಗೇಣು ಕಳೆದರೆ ಸುಮಾರು 8.8 ಮೀಟರ್, ಅಂದರೆ 29 ಅಡಿಗೆ ತೀರ ಹತ್ತಿರ. ಪುಸ್ತಕಗಳು ಹೇಳುವ ಉದ್ದವೂ 29 ಅಡಿಯೇ.

ಇಷ್ಟರಲ್ಲಿ ಮಧ್ಯಾಹ್ನ. ಶರಣಬಸವೇಶ್ವರ ಗುಡಿಗೆ ಹೋಗಿ ಕೈಮುಗಿದು, ಅಪ್ಪನ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಹಿಂಡಿ. ಜತೆಗೆ ಕೊಂಡ ಮಿರ್ಚಿ ಭಜಿ. ಊಟ ಮಾಡುತ್ತಿದ್ದಾಗ ಪಕ್ಕದ ಕಾಲೇಜು ಹುಡುಗಿಯರ ಗುಂಪೊಂದು ಮಾತನಾಡಿಸಿತಂತೆ. ಯಾವ ಊರು, ಎಷ್ಟನೇ ಇಯತ್ತೆ, ಮುಂದೆ ಏನು ಓದುತ್ತೀರಿ. ಆ ಗುಂಪಿನಲ್ಲಿ ಇಬ್ಬರು ಆಳಂದದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವವರಿದ್ದರು. ನನ್ನ ವಿದ್ಯಾರ್ಥಿನಿಯರು ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಈ ಹುಡುಗಿಯರ ವಿಷಯವನ್ನು.

ಆಮೇಲೆ ಐವಾನ್-ಎ-ಶಾಹಿ ಪ್ರದೇಶದ ಜಿಲ್ಲಾ ವಿಜ್ಞಾನ ಕೇಂದ್ರ. 1984ರಿಂದ ಇರುವ ಈ ಕೇಂದ್ರ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗ. ಒತ್ತಿ, ತಿರುಗಿಸಿ ನೋಡುವ ಮಾದರಿಗಳಿರುವ ಕಡೆ ಗುಂಪಿನಲ್ಲಿ ಹೋದ ಮಕ್ಕಳಿಗೆ ಸರದಿ ಸಿಗುವುದೇ ಕಷ್ಟ. ಇಬ್ಬರೇ ಹೋದರೆ ಒಂದೇ ಗುಂಡಿಯನ್ನು ಹತ್ತು ಸಲ ಒತ್ತಬಹುದು. ಅವರು ಒತ್ತಿಯೂ ಒತ್ತಿದರು, ಹೊತ್ತು ಮರೆತರು.

ಹೀಗಾಗಿ ಖ್ವಾಜಾ ಬಂದೇ ನವಾಜ್ ದರ್ಗಾ ಉಳಿಯಿತು, ಅದರ ಹತ್ತಿರದ ಹಫ್ತ್ ಗುಂಬಜ್ ಕೂಡ ಉಳಿಯಿತು. ಅಲ್ಲಿರುವ ಫಿರೋಜ್ ಷಾನ ಸಮಾಧಿಯನ್ನು ವಿಜ್ಞಾನದ ಮಕ್ಕಳು ನೋಡಲೇಬೇಕು. ದೌಲತಾಬಾದಿನ ಬಳಿ ಖಗೋಳ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ ಸುಲ್ತಾನ ಅವನು. ನಮ್ಮ ಕುಸನೂರಿನ ಕಡೆಗೆ ಬಂದರೆ 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವಿದೆ, ಬುದ್ಧ ವಿಹಾರವಿದೆ. ಒಂದೇ ದಿನಕ್ಕೆ ಎಲ್ಲ ತುರುಕುವ ಅಗತ್ಯವಿಲ್ಲ.

ಮನೆಯಲ್ಲಿ ಕಾದವರು

ನಾಲ್ಕು ಗಂಟೆಯ ಮೇಲೆ ಫೋನ್ ಹತ್ತಲಿಲ್ಲ. ಬಸ್ಸು ಕಣ್ಣೆದುರೇ ಹೋಗಿತ್ತು, ಮುಂದಿನದು ತುಂಬಿ ಬಂತು. ಆರೂವರೆಯಿಂದ ತಾಯಿ ನನಗೆ ಮೂರು ಸಲ ಫೋನ್ ಮಾಡಿದರು. ನಾಲ್ಕನೆಯ ಸಲ ಏನೂ ಮಾತನಾಡದೆ ಇಟ್ಟುಬಿಟ್ಟರು. ತಂದೆ ಬಸ್ ಸ್ಟ್ಯಾಂಡಿಗೆ ಹೋಗಿ ಕುಳಿತರು. ಏಳೂಕಾಲಕ್ಕೆ ಹುಡುಗಿಯರು ಇಳಿದರು. ದಾರಿಯಲ್ಲಿ ಚಾರ್ಜು ಮುಗಿದಾಗ ಪಕ್ಕದ ಪ್ರಯಾಣಿಕರ ಫೋನ್ ಕೇಳಿ ಪಡೆದಿದ್ದರು. ಆದರೆ ಇಬ್ಬರಿಗೂ ಮನೆಯ ನಂಬರ್ ಬಾಯಿಗೆ ಬರುತ್ತಿರಲಿಲ್ಲ! ಎಲ್ಲ ಸೂತ್ರ ಬಾಯಿಪಾಠವಿದ್ದ ಮಕ್ಕಳು.

ತಂದೆ ಬೈಯಲಿಲ್ಲ. ‘ಇನ್ನೊಂದ್ ಸಲ ಹೋಗೋ ಮುಂದ ಚಾರ್ಜ್ ಪೂರಾ ಮಾಡ್ಕೊಂಡ್ ಹೋಗ್ರಿ’ ಎಂದರಂತೆ. ಇನ್ನೊಂದು ಸಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಇಬ್ಬರೂ ಮರುದಿನ ನನ್ನೆದುರು ನಾಲ್ಕು ಬಾರಿ ಹೇಳಿದರು. ತಾಯಿ ಮಾತ್ರ ಎರಡು ದಿನ ಮುಖ ಕೊಟ್ಟು ಮಾತನಾಡಲಿಲ್ಲ. ಮೂರನೆಯ ದಿನ ಆ ಕಾಲೇಜು ಹುಡುಗಿಯರು ಎಷ್ಟು ಗಂಟೆಯ ಬಸ್ಸಿಗೆ ಮನೆ ಬಿಡುತ್ತಾರೆ ಎಂದು ಮಗಳನ್ನು ಕೇಳಿದರಂತೆ.

ಕಳುಹಿಸಲು ಮನಸ್ಸು ಮಾಡಿದ ಪಾಲಕರಿಗೆ ಇಷ್ಟು ಹೇಳಬಹುದು. ಇಬ್ಬರಲ್ಲಿ ಒಬ್ಬರಿಗಾದರೂ ನಗರದಲ್ಲಿ ಬಂಧುಗಳ ಮನೆಯಿದ್ದರೆ ನಿಮಗೂ ನೆಮ್ಮದಿ. ಆಧಾರ್ ಕಾರ್ಡ್ ಕೈಯಲ್ಲಿರಲಿ, ಹುಡುಗಿಯರ ಉಚಿತ ಟಿಕೆಟ್ಟಿಗೆ ಗುರುತಿನ ಚೀಟಿ ಬೇಕು. ಎರಡು ಫೋನ್ ನಂಬರ್ ಬಾಯಿಪಾಠ ಮಾಡಿಸಿ, ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲೂ ಬರೆಸಿ. ಹಣ ಎಣಿಸಿ ಕೊಡಿ, ಲೆಕ್ಕ ಬರೆಸಿ, ಹತ್ತು ರೂಪಾಯಿ ಹೊಂದದಿದ್ದರೆ ಕೆದಕಬೇಡಿ. ಚಪ್ಪಲಿ ಹೊಸದಾಗಿರದಿರಲಿ. ವಾಪಸು ಹೊರಡುವುದು ಮೂರೂವರೆಗೇ. ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಕೋಟೆ ಸುತ್ತಲು ಯಾರನ್ನೂ ಕಳುಹಿಸಬೇಡಿ.